ಅವಳ ಅಳತೆಯ ಉಪ್ಪು

ನಾನು ಗಣಿತದ ಮಾಸ್ತರ. ನಾಲತವಾಡದ ಶಾಲೆಯಲ್ಲಿ ಹುಡುಗರು ಉತ್ತರ ಬರೆದು ಮುಂದೆ ಗ್ರಾಮೋ ಲೀಟರೋ ಬರೆಯದೆ ಬಿಟ್ಟರೆ ಸಿಡುಕುವವನು. ಮನೆಯಲ್ಲಿ ಹೆಂಡತಿಯೊಂದಿಗೂ ಇದೇ ಜಗಳ. ಪುಂಡಿಸೊಪ್ಪಿನ ಪಲ್ಲೆಗೆ ಜೋಳದ ನುಚ್ಚು ಎಷ್ಟು ಎಂದರೆ ಒಂದು ಹಿಡಿ, ನೀರು ಎಷ್ಟು ಎಂದರೆ ಹಿಡಿಸುವಷ್ಟು, ಉಪ್ಪು ಎಷ್ಟು ಎಂದರೆ ನನ್ನ ಮುಖ ನೋಡಿ ನಗು. ಒಮ್ಮೆ ವಿಜಯಪುರದಿಂದ ಅಳತೆಯ ಚಮಚಗಳ ಗೊಂಚಲು ತಂದುಕೊಟ್ಟೆ. ಅದರಲ್ಲಿ ಅತಿ ಸಣ್ಣದನ್ನು ಬಿಡಿಸಿ ಕುಂಕುಮದ ಭರಣಿಗೆ ಹಾಕಿಕೊಂಡಳು. ಉಳಿದವು ಎಲ್ಲಿ ಹೋದವೋ ಗೊತ್ತಿಲ್ಲ.

ಕಳೆದ ವರ್ಷ ಅವಳಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ನನ್ನ ಅತ್ತಿಗೆ ಇಂಡಿಯಿಂದ ಬಂದು ಒಂದು ವಾರ ಅಡುಗೆ ಮಾಡಿದರು. ಅವರ ಮರ್ಯಾದೆಗೆ ನಾಲ್ಕು ತುತ್ತು ತಿನ್ನುತ್ತಿದ್ದಳು. ಅವರು ಬಸ್ಸು ಹತ್ತಿದ ಮೇಲೆ, ನಾನು ಮಾಡಿದ್ದನ್ನು ಬಾಯಿಯ ಹತ್ತಿರ ಒಯ್ದರೆ ತುಟಿ ಬಿಗಿದು ಮುಖ ತಿರುಗಿಸತೊಡಗಿದಳು. ನುಂಗಲು ತೊಂದರೆ ಏನಿಲ್ಲ, ಆದರೂ ತಿನ್ನುತ್ತಿಲ್ಲ ಎಂದು ಡಾಕ್ಟರು ತಲೆ ಕೆರೆದುಕೊಂಡರು.

"ಸೋಮವಾರದ ತನಕಾ ನೋಡೂಣ್ರಿ ಸರ. ಆಗೂ ತಿನ್ನಲಿಲ್ಲಂದ್ರ ಮೂಗಿನಾಗ ನಳಗಿ ಹಾಕಬೇಕಾಗತೈತಿ," ಎಂದರು.

ನನಗೆ ಹೆದರಿಕೆಯೂ ಆಗಲಿಲ್ಲ. ಆ ದಿನಗಳಲ್ಲಿ ನನಗೆ ಏನೂ ಅನಿಸುತ್ತಿರಲಿಲ್ಲ. ರಜೆ ಹಾಕಿದ್ದೆ. ಏಳುತ್ತಿದ್ದೆ, ಅವಳ ಬಟ್ಟೆ ಒಗೆಯುತ್ತಿದ್ದೆ, ನೋಡಲು ಬಂದವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದೆ.

ಶನಿವಾರ ಪುಂಡಿಪಲ್ಲೆಗೆ ಇಟ್ಟೆ, ಅದು ಅವಳಿಗೆ ಜೀವ. ಉಪ್ಪು ಎಷ್ಟು ಎಂದು ಕೇಳಿದರೆ ಎಡಗೈಯ ಮೂರು ಬೆರಳು ಕೂಡಿಸಿ ಎರಡು ಸಲ ತೋರಿಸಿದಳು. ನಾನು ನನ್ನ ಮೂರು ಬೆರಳಲ್ಲಿ ಎರಡು ಸಲ ಹಾಕಿದೆ. ಬಾಯಿಗಿಟ್ಟ ಕೂಡಲೇ ಉಗುಳಿದಳು. ನಾನು ತಿಂದು ನೋಡಿದರೆ ಬರೀ ಉಪ್ಪು. ಅವಳ ಬೆರಳು ಸಣ್ಣವು, ನನ್ನವು ದಪ್ಪ. ಯಾರ ಚಿಟಿಕೆ ಎಂದು ಕೇಳದೆ ಲೆಕ್ಕ ಮಾಡಿದ ಮಾಸ್ತರ ನಾನು. ಹುಡುಗರಾಗಿದ್ದರೆ ಕಿವಿ ಹಿಂಡುತ್ತಿದ್ದೆ.

ರವಿವಾರ ಮತ್ತೆ ಪಲ್ಲೆಗೆ ಇಟ್ಟು, ಉಪ್ಪಿನ ಡಬ್ಬಿಯನ್ನೇ ಮಂಚದ ಹತ್ತಿರ ಒಯ್ದು, ನೀನೇ ತೆಗೆದುಕೊಡು ಎಂದೆ. ಅವಳು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಜೀವ ಹೋದರೂ ಎಡಗೈಯನ್ನು ಉಪ್ಪಿಗೆ ಹಾಕುವವಳಲ್ಲ. ಸ್ವಲ್ಪ ಹೊತ್ತು ಬಿಟ್ಟು, ಆ ಎಡಗೈಯಿಂದಲೇ ತನ್ನ ಬಲಗೈಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟಳು. ಲಕ್ವಾ ಹೊಡೆದಾಗಿನಿಂದ ಆ ಕೈ ಮುಷ್ಟಿ ಕಟ್ಟಿಕೊಂಡೇ ಇರುತ್ತಿತ್ತು. ಒಂದೊಂದೇ ಬೆರಳು ಬಿಡಿಸಿ, ಅಂಗೈಗೆ ಚಮಚದಿಂದ ಉಪ್ಪು ಸುರಿಯುತ್ತ ಹೋದೆ. ಅವಳು ಬಗ್ಗಿ ಅಂಗೈ ನೋಡುತ್ತಿದ್ದಳು, ನಾನು ಅವಳ ಮುಖ ನೋಡುತ್ತಿದ್ದೆ. ಸಾಕು ಎಂಬಂತೆ ಕಣ್ಣು ಮುಚ್ಚಿ ತೆರೆದಳು. ಉಪ್ಪನ್ನು ಬಟ್ಟಲಿಗೆ ಕೊಡವಿಕೊಂಡು ಹೋಗಿ ಪಲ್ಲೆಗೆ ಹಾಕಿದೆ.

ತಿಂದಳು. ತಾಟು ಖಾಲಿಯಾದ ಮೇಲೂ ಬಾಯಿ ತೆರೆದಳು. ನಳಿಗೆ ಬೇಕಾಗುವುದಿಲ್ಲ ಎಂದು ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. ಖುಷಿ ಆಗಬೇಕಿತ್ತು, ಆಗಲಿಲ್ಲ.

ಆಮೇಲೆ ಅವಳ ಕೈ ತೊಳೆಯಲು ಬೋಗುಣಿಯಲ್ಲಿ ನೀರು ತಂದೆ. ಮುಷ್ಟಿ ಮತ್ತೆ ಕಟ್ಟಿಕೊಂಡಿತ್ತು. ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಾಗ ಅಂಗೈಯಲ್ಲಿ ಸಾಲಾಗಿ ನಾಲ್ಕು ಕೆಂಪು ಗಾಯ ಕಂಡವು. ಅವಳ ಉಗುರುಗಳೇ ಚುಚ್ಚಿ ಆದವು. ತಿಂಗಳಿನಿಂದ ನಾನು ಅವಳ ಉಗುರು ಕತ್ತರಿಸಿರಲಿಲ್ಲ. ಗಾಯದೊಳಗೆ ಉಪ್ಪಿನ ಹರಳು ಇನ್ನೂ ಇದ್ದವು.

"ಉರಿಯಾಕತ್ತೈತೇನ?" ಎಂದು ಕೇಳಿದೆ.

ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಆ ಕೈಗೆ ಏನೂ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಕೈ ಎಳೆದುಕೊಂಡಿದ್ದರೆ ಸಾಕಿತ್ತು. ಹೌದು ಅನ್ನಲಿಲ್ಲವಲ್ಲ ಎಂದು ನನಗೆ ಅವಳ ಮೇಲೆ ವಿಪರೀತ ಸಿಟ್ಟು ಬಂತು.