ನಾಸಿರ್ ನೋಡಿದ್ದ ಟೈರು

ಆ ಟೈರು ಬದಲಿಸು ಎಂದು ನಾಸಿರ್ ನನಗೆ ಹೇಳಿದ್ದ. ಹೇಳಿರಲಿಲ್ಲವೆಂದು ಹನ್ನೊಂದು ವರ್ಷ ನಾನು ಎಲ್ಲರನ್ನೂ ನಂಬಿಸಿದೆ.

ನಾಸಿರ್ ಹುಬ್ಬಳ್ಳಿಯವನು, ಕೊವೆಂಟ್ರಿಯಲ್ಲಿ ಎಂಜಿನಿಯರ್. ನಾನು ಮ್ಯಾಂಚೆಸ್ಟರಿನಲ್ಲಿ ಡಾಕ್ಟರ್. ಪ್ರತಿ ಬೇಸಿಗೆ ನಾಲ್ಕೈದು ಕನ್ನಡದ ಮನೆಯವರು ಸೇರಿ ಕ್ಯಾಂಪಿಂಗ್ ಹೋಗುತ್ತಿದ್ದೆವು. ಟೆಂಟು, ಕುಕ್ಕರು, ಅಕ್ಕಿ ಎಲ್ಲ ನನ್ನ ಟ್ರೇಲರಿನಲ್ಲಿ. ಎಲ್ಲರ ಗಾಡಿ ನೋಡುವ ಕೆಲಸ ಅವನದು. ಒಂದು ವರ್ಷ ವಾಪಸು ಬಂದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದ. ಟ್ರೇಲರಿನ ಟೈರು ನೋಡಲು ಹೊಸದರ ಹಾಗಿದೆ, ಆದರೆ ವರ್ಷವಿಡೀ ನಿಂತಲ್ಲೇ ನಿಂತು ಪಕ್ಕದ ರಬ್ಬರು ಬಿರುಕು ಬಿಟ್ಟಿದೆ, ಮುಂದಿನ ಸಲ ಇದರಲ್ಲಿ ಹೋಗಬೇಡ ಎಂದ. ಹೂಂ ಅಂದೆ.

ಮರೆತೆ ಎನ್ನಲಾರೆ. ಆಯುಧಪೂಜೆಯ ದಿನ ಟ್ರೇಲರಿಗೂ ಕುಂಕುಮ ಇಟ್ಟವನು ನಾನೇ. ಬೆರಳು ಬಿರುಕಿಗೆ ತಾಗಿತು — ಅದರ ಮೇಲೇ ಹಚ್ಚಿ ಎದ್ದೆ. ಆಮೇಲೆ ಆಸ್ಪತ್ರೆಯ ಡ್ಯೂಟಿ ರೋಟಾ, ಚಳಿಗಾಲ, ಇನ್ನೇನೋ... ಹೊರಡುವ ಹಿಂದಿನ ದಿನ ನಾಸಿರ್ ಫೋನಿನಲ್ಲಿ ಕೇಳಿದಾಗ, ಹೊಸ ಟೈರು ಹಾಕಿಸಿದೆ ಅಂದುಬಿಟ್ಟೆ. ಸೋಮಾರಿ ಅನ್ನಿಸಿಕೊಳ್ಳಲು ನಾಚಿಕೆ, ಅಷ್ಟೇ.

ಪ್ರೆಸ್ಟನ್ ದಾಟಿದ ಮೇಲೆ ಮೋಟರ್‌ವೇಯಲ್ಲಿ ಟೈರು ಒಡೆಯಿತು. ತೂಗಾಡಿದ ಟ್ರೇಲರು ನಮ್ಮ ಕಾರನ್ನು ತಡೆಬೇಲಿಗೆ ಬಡಿಸಿತು. ಹಿಂದಿನ ಸೀಟಿನಲ್ಲಿದ್ದ ನನ್ನ ಮಗಳು ಅನಘಾಳ ಎಡಗೈ ಮುರಿಯಿತು. ಅವಳಿಗಾಗ ಎಂಟು ವರ್ಷ. ಹಿಂದಿನ ಕಾರುಗಳಲ್ಲಿದ್ದ ನಮ್ಮವರೆಲ್ಲ ಓಡಿ ಬಂದರು, ನಾಸಿರ್ ಕೂಡ. ಮಗುವನ್ನು ಅಪ್ಪಿಕೊಂಡು ನಿಂತಿದ್ದ ನನ್ನ ಹೆಂಡತಿ ಸುಮಾ, ಟೈರು ಯಾರು ನೋಡಿದ್ದು ಎಂದು ಕೇಳಿದಳು.

"ನಾಸಿರ್ ನೋಡಿದ್ದ. ಸರಿ ಇದೆ ಅಂದಿದ್ದ," ಎಂದೆ.

ಅವನು ನನ್ನನ್ನು ನೋಡಿದ. ಆಮೇಲೆ ಸುಮಾಳ ಕಡೆ ತಿರುಗಿದ. "ಹೌದ್ರಿ ಭಾಭಿ, ನಾನೇ ನೋಡಿದ್ದೆ," ಎಂದ. ಅಷ್ಟು ಮಾತ್ರ. ನನಗೆ ಆ ಕ್ಷಣ ಅನ್ನಿಸಿದ್ದು ನಾಚಿಕೆಯಲ್ಲ, ನಿರಾಳ — ಅದನ್ನೂ ಒಪ್ಪಿಕೊಳ್ಳಬೇಕು.

ಆಮೇಲೆ ಯಾರೂ ಅವನಿಗೆ ಗಾಡಿ ತೋರಿಸಲಿಲ್ಲ. ಕ್ಯಾಂಪಿಂಗಿಗೆ ಕರೆಯುವುದೂ ನಿಧಾನವಾಗಿ ನಿಂತಿತು. ಸುಮಾ ಎದುರು ಸಿಕ್ಕರೆ ನಗುತ್ತಿದ್ದಳು, ಮನೆಗೆ ಬನ್ನಿ ಎನ್ನುತ್ತಿರಲಿಲ್ಲ. ನಾನು ಎಲ್ಲವನ್ನೂ ನೋಡುತ್ತಿದ್ದೆ.

ಹೋದ ವಾರ ಅನಘಾ ಹಳೆಯ ಕಾರೊಂದನ್ನು ಕೊಂಡಳು, ನಾಟಿಂಗ್‌ಹ್ಯಾಮಿನಲ್ಲಿ ಓದಲು ಹೋಗುವವಳು. ಸುದ್ದಿ ಹೇಗೋ ತಿಳಿದು ನಾಸಿರ್ ಫೋನು ಮಾಡಿದ. ಅವಳು ಹೊರಡುವ ಮೊದಲು ಒಂದು ಸಲ ಬಂದು ನೋಡಲೇ ಎಂದ. ಅವಳನ್ನು ಕೇಳಿದೆ.

"ನಾಟ್ ಹಿಮ್, ಡ್ಯಾಡ್," ಎಂದಳು ಮಗಳು, ತನ್ನ ಎಡಗೈಯನ್ನು ಹಿಡಿದುಕೊಂಡು.

ಆ ಭಯವನ್ನು ಅವಳಲ್ಲಿ ಬೆಳೆಸಿದವನು ನಾನು. ಅವಳನ್ನು ಕೂರಿಸಿ, ಬಿರುಕಿನಿಂದ ಹಿಡಿದು ಎಲ್ಲ ಹೇಳಿದೆ. ನೀವು ಬದಲಿಸಿರಲಿಲ್ಲವೆಂದು ಅಂಕಲ್‌ಗೆ ಗೊತ್ತಿತ್ತಾ ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

ಒಡೆದ ಹಳೇ ಟೈರು ಅವನ ಕಣ್ಣೆದುರಿಗೇ ಬಿದ್ದಿತ್ತು. ಆವತ್ತೇ ಗೊತ್ತಾಗಿತ್ತು ಎಂದೆ.

ಅಮ್ಮನನ್ನು ಕರೆಯುತ್ತೇನೆ ಎಂದು ಅವಳು ಎದ್ದಳು. ನಾನು ಬೇಡ ಎನ್ನಲಿಲ್ಲ.