ಬೇರಿನೊಳಗಿನ ಪುಟ್ಟ ಗಿಡ

ಯಾವ ಸಸ್ಯದ ಹೆಸರು ಬಂದರೂ ಜೋಶಿ ಸರ್ ಮೊದಲು ಅದರ ಗೋತ್ರ ಕೇಳುತ್ತಿದ್ದರು. ಎಪ್ಪತ್ತರ ದಶಕದ ಮಾತು. ಪೌರೋಹಿತ್ಯದ ಮನೆತನ, ತಂದೆಯೊಡನೆ ಜಗಳವಾಡಿ, ಪಂಚಾಂಗ ಬಿಟ್ಟು ಸಸ್ಯಶಾಸ್ತ್ರ ಓದಿ, ಬೈಲಹೊಂಗಲದ ನಮ್ಮ ಕಾಲೇಜಿಗೆ ಬಂದವರು. ಗೋತ್ರ ಕೇಳುವ ಚಟ ಮಾತ್ರ ಬಿಟ್ಟಿರಲಿಲ್ಲ. "ಹೆಸರು ಬಾಯಿಪಾಠ ಮಾಡಬ್ಯಾಡ್ರಿ, ಅದು ಯಾವ ಭಾಷಾದಾಗ, ಯಾರ ಮನ್ಯಾಗ ಹುಟ್ಟೇದ ಕೇಳ್ರಿ," ಎನ್ನುವರು. ಹುಡುಗಿಯರಾದ ನಾವು ಮುಸಿಮುಸಿ ನಗುತ್ತಿದ್ದೆವು.

ಒಮ್ಮೆ ನೇಸರಗಿ ಕಡೆಯ ಹೊಲದಿಂದ ಜೋಳದ ಬೇರು ತಂದು, ಕುದಿಸಿ, ನೀಲಿ ಬಣ್ಣ ಕೊಟ್ಟು ಸೂಕ್ಷ್ಮದರ್ಶಕದ ಕೆಳಗಿಟ್ಟರು. "ಇದು ಆರ್ಬಸ್ಕ್ಯೂಲ್. ಲ್ಯಾಟಿನ್ ಭಾಷಾದಾಗ ಆರ್ಬರ್ ಅಂದ್ರ ಗಿಡ, ಆರ್ಬಸ್ಕುಲ ಅಂದ್ರ ಪುಟ್ಟ ಗಿಡ. ಶಿಲೀಂಧ್ರ ಬೇರಿನ ಕೋಶದಾಗ ಹೊಕ್ಕು ಹಿಂಗ ಟೊಂಗಿ ಒಡೀತದ. ಮಣ್ಣಿನ ಸತ್ವ ತಂದು ಬೆಳಿಗೆ ಕೊಟ್ಟು, ಸ್ವಲ್ಪ ದಿನಕ್ಕ ಅಲ್ಲೇ ಕರಗಿ ಹೋಗತದ. ಯಾರಿಗೂ ಗೊತ್ತಾಗೂದಿಲ್ಲ."

ಬಗ್ಗಿ ನೋಡಿದೆ. ಅಬ್ಬಬ್ಬಾ, ಬೇರಿನೊಳಗೆ ನೀಲಿ ಗಿಡಗಳ ತೋಪು! ನನ್ನ ನಗು ಅಲ್ಲಿಗೇ ನಿಂತಿತು.

ಅದೇ ವರ್ಷ ಅವರ ಕಣ್ಣು ಹೋಗತೊಡಗಿತು. ಲೆನ್ಸನ್ನು ಇಳಿಸುತ್ತ ಇಳಿಸುತ್ತ ಗಾಜಿನ ಸ್ಲೈಡಿಗೇ ಒತ್ತಿ ಚಟ್ಟನೆ ಒಡೆದರು. ಕೆಲವು ದಿನಕ್ಕೆ ಮತ್ತೆ ಹಾಗೇ ಆಯಿತು. ಕಣ್ಣಿನ ನರ ಒಣಗಿದೆ, ಉಪಾಯವಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಕೈಚೆಲ್ಲಿದ್ದರಂತೆ.

"ಕಾಲೇಜ್ ಬಿಟ್ರ ಎಲ್ಲಿ ಹೋಗ್ಲೆವಾ? ಮಂತ್ರಾನೂ ಮರತೇನಿ," ಎಂದರು ನನಗೆ.

ಅಂದಿನಿಂದ ಸ್ಲೈಡನ್ನು ನಾನು ಹೊಂದಿಸಿಡುವುದು, ಅವರು ನೋಡಿದವರಂತೆ ಬಗ್ಗಿ ಪಾಠ ಹೇಳುವುದು. ಇಡೀ ತರಗತಿಗೆ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ.

ವಾರ್ಷಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬಂದರು. ಸರ್ ಕಣ್ಣಿನ ಸುದ್ದಿಯನ್ನು ಅವರ ಕಿವಿಗೆ ಯಾರು ಊದಿದರೋ, ಊದಿದವರ ಬಾಯಿಗೆ ಮಣ್ಣು ಬೀಳಲಿ! ನಾನು ಜೋಳದ ಬೇರು ಹೊಂದಿಸಿಟ್ಟಿದ್ದ ಸೂಕ್ಷ್ಮದರ್ಶಕಕ್ಕೆ ಬೆಳಕು ಹಿಡಿಯುವ ಕನ್ನಡಿಯನ್ನು ಆ ಪರೀಕ್ಷಕರು ಸದ್ದಿಲ್ಲದೆ ಗೋಡೆಯತ್ತ ತಿರುಗಿಸಿ, "ಜೋಶಿಯವರ, ಇದರಾಗ ಏನದ ನೋಡಿ ಹೇಳ್ರಿ," ಎಂದರು. ಬೆಳಕಿಲ್ಲದೆ ಒಳಗೆ ಬರೀ ಕತ್ತಲೆ. ಸರ್ ಬಗ್ಗಿದರು. ಟೊಂಗೆ, ಟಿಸಿಲು, ಲ್ಯಾಟಿನ್ನಿನ ಆ ಪುಟ್ಟ ಗಿಡ, ಎಷ್ಟು ಚೆಂದ ಹೇಳಿದರು!

"ಒಳಗ ಕತ್ತಲಿ ಅದಲ್ರಿ," ಪರೀಕ್ಷಕರು ಮೆಲ್ಲಗೆ ಅಂದರು.

ಸರ್ ಗಕ್ಕನೆ ನಿಂತರು. ಬೆರಳಿನಿಂದ ತಡವಿ ಕನ್ನಡಿ ಹುಡುಕಿ, ಕಿಟಕಿಯ ಕಡೆ ತಿರುಗಿಸಿ ಮತ್ತೆ ಬಗ್ಗಿದರು.

"ಈಗ ಬೆಳಕು ಬಂತೇನವಾ?" ನನ್ನನ್ನು ಕೇಳಿದರು.

ಬಂದಿತ್ತು. ಅದರ ಚುಕ್ಕೆ ನೇರ ಅವರ ಕಣ್ಣಗುಡ್ಡೆಯ ಮೇಲೇ ಬಿದ್ದಿತ್ತು.

"ಬಂದದ್ರಿ, ಸರ್."

"ಹಾಂಗಾರ ನನ್ನ ಮನಿ ಮುಟ್ಟಸವಾ," ಎಂದು ಕೈ ಚಾಚಿದರು. ಅಲ್ಲಿಯವರೆಗೆ ಯಾರ ಕೈಯನ್ನೂ ಹಿಡಿಯದ ಮನುಷ್ಯ. ಆ ಕೈ ಹಿಡಿದು ಹೊರಗೆ ಕರೆತಂದೆ; ಜೋಶಿ ಸರ್ ಆಮೇಲೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ.