ರೇಶ್ಮಾಗೊಂದು ಹಿಡಿ ಹುರುಳಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕುಣಿಗಲ್ಲಿನಿಂದ ಮಾರ್ಕೋನಹಳ್ಳಿಗೆ ಹೋಗುವ ದಾರಿಯ ಸೀರಂ ಫಾರಂನಲ್ಲಿ, ತಲೆಗೆ ಮಫ್ಲರ್ ಸುತ್ತಿಕೊಂಡ ಅಹಮದ್ ಪಾಷಾ ಲಾಯದ ಚಿಲಕಕ್ಕೆ ಕೈಹಾಕುವ ಮೊದಲೇ ಒಳಗಿನಿಂದ ಗೊರಸಿನ ಸದ್ದು ಕೇಳಿಸುತ್ತದೆ. "ಬಂದೆ ಕಣೇ, ಬಂದೆ! ಏನ್ ಅವಸರ ನಿಂದು?" ಎಂದು ಗದರುತ್ತಾರೆ. ಗದರಿಕೆಯಲ್ಲಿ ಮುದ್ದೇ ಹೆಚ್ಚು. ಕಂದು ಮೈ, ಹಣೆಯಲ್ಲಿ ಬಿಳಿ ಬೊಟ್ಟು, ಎಡ ಹಿಂಗಾಲು ಕೊಂಚ ಎಳೆದು ನಡೆಯುವ ಈ ಹೆಣ್ಣು ಕುದುರೆಯ ಹೆಸರು ರೇಶ್ಮಾ. ಇವತ್ತು ಅವಳ ರಕ್ತ ತೆಗೆಯುವ ದಿನ.

ಪಾಷಾ ಅವಳ ಮೂಗಿನ ಹತ್ತಿರ ಮೂಗು ಒಯ್ದು ನಿಧಾನವಾಗಿ ಉಸಿರು ಬಿಡುತ್ತಾರೆ. ಅವಳೂ ಮೂಸಿ ನೋಡಿ, ಇವನು ನಮ್ಮವನೇ ಎಂದು ಖಾತ್ರಿಯಾದ ಮೇಲೆ ತಲೆಯನ್ನು ಅವರ ಹೆಗಲಿಗೆ ಇಳಿಸುತ್ತಾಳೆ. "ಕುದ್ರೆಗೆ ಮುಖ ಗಿಖ ಲೆಕ್ಕಕ್ಕಿಲ್ಲ ಸಾರ್. ವಾಸ್ನೆ ಹಿಡಿದ್ರೆ ಆಯ್ತು, ಸಾಯೋವರ್ಗೂ ಮರೆಯಲ್ಲ" ಎಂದು ನೋಡಲು ಬಂದ ಪೇಪರಿನವರಿಗೆ ಹೇಳುತ್ತಾರೆ. ಕತ್ತಿನ ದಪ್ಪ ನರಕ್ಕೆ ಸೂಜಿ ಇಳಿಯುವಾಗ ಅವಳು ಒಮ್ಮೆ ಕಿವಿ ಹಿಂದಕ್ಕೆ ಒಗೆಯುತ್ತಾಳೆ, ಅಷ್ಟೇ. ರಕ್ತ ಬಾಟಲಿಗೆ ಇಳಿಯುವಷ್ಟು ಹೊತ್ತೂ ಪಾಷಾ ಅವಳ ಕಿವಿಯ ಬುಡ ತುರಿಸುತ್ತಾ, ಮನೆಯ ಸುದ್ದಿಯನ್ನೆಲ್ಲ ಹೇಳುತ್ತಾ ನಿಲ್ಲುತ್ತಾರೆ.

ಕುದುರೆ ಎಂದರೇನೆಂದು ಕುಣಿಗಲ್ಲಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಊರು ಕಂಡಿರುವುದು ಓಡುವ ಕುದುರೆಗಳನ್ನು. ನಿಂತಲ್ಲೇ ನಿಂತು ಜೀವ ಉಳಿಸುವ ಕುದುರೆಗಳೂ ಇವೆಯೆಂದರೆ ಹುಬ್ಬೇರಿಸುವವರೇ ಹೆಚ್ಚು. ರೇಶ್ಮಾ ಒಂದು ಕಾಲಕ್ಕೆ ರೇಸಿನಲ್ಲಿ ಓಡಿದವಳೇ. ಕಾಲಿಗೆ ಏಟಾದ ಮೇಲೆ, ಹದಿನೈದು ವರ್ಷಗಳ ಹಿಂದೆ, ಲಾರಿಯಲ್ಲಿ ಇಲ್ಲಿಗೆ ಬಂದಳು. ಇಂಥ ಹದಿನಾರು ಕುದುರೆಗಳು ಇಲ್ಲಿವೆ. ನಾಗರ, ಕಟ್ಟುಹಾವು, ಮಂಡಲದ ಹಾವುಗಳ ವಿಷವನ್ನು ಇವುಗಳಿಗೆ ಚೂರೇ ಚೂರು ಚುಚ್ಚಿ, ಬರಬರುತ್ತಾ ಏರಿಸಿ, ಆಮೇಲೆ ರಕ್ತ ತೆಗೆಯುತ್ತಾರೆ. ಅದರ ಮೇಲಿನ ತಿಳಿಯಿಂದಲೇ ಹಾವು ಕಚ್ಚಿದವರಿಗೆ ಕೊಡುವ ಔಷಧ ತಯಾರಾಗುತ್ತದೆ. ಕೆಳಗುಳಿದ ಕೆಂಪನ್ನು ಕುದುರೆಗೇ ವಾಪಸು ಏರಿಸುತ್ತಾರೆ.

ಪಾಷಾ ಅವರ ತಂದೆ ತುಮಕೂರಿನಲ್ಲಿ ಜಟಕಾ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದರು. ಆಟೋಗಳು ಬಂದವು, ಜಟಕಾಗಳು ಹೋದವು, ಲಾಳದ ಕೆಲಸವೂ ಹೋಯಿತು. ಮಗ ಕುದುರೆಯ ವಾಸನೆ ಹಿಡಿದು ಕುಣಿಗಲ್ಲಿಗೆ ಬಂದರು. ಮೊದಲ ಸಲ ವಿಷ ಚುಚ್ಚಿದ ಜಾಗ ಊದಿಕೊಂಡು ರೇಶ್ಮಾಗೆ ಜ್ವರ ಬಂದಾಗ ಇವರಿಗೆ ಜೀವವೇ ಹೋದ ಹಾಗಾಯಿತಂತೆ. ಹರಳೆಲೆ ಬಿಸಿಮಾಡಿ ಊತಕ್ಕೆಲ್ಲ ಕಟ್ಟಿಬಿಟ್ಟರು. ಬೆಳಿಗ್ಗೆ ಬಂದ ಪಶುವೈದ್ಯ ಸಿದ್ದಾರ್ಥ ಅದನ್ನು ನೋಡಿ ನಗಬೇಕೋ ಬೈಯಬೇಕೋ ತಿಳಿಯದೆ, ಕೊನೆಗೆ ಎರಡನ್ನೂ ಮಾಡಿದರು. ಆಮೇಲೆ ಲಾಯದ ಕಟ್ಟೆಯ ಮೇಲೆ ಕೂರಿಸಿಕೊಂಡು, ಅವಳ ಮೈಯೊಳಗೆ ನಡೆಯುವುದನ್ನು ಬಿಡಿಸಿ ಹೇಳಿದರು.

ಈಗಲೂ ಅದನ್ನು ಹೇಳುವಾಗ ಸಿದ್ದಾರ್ಥರ ಕಣ್ಣು ಅರಳುತ್ತದೆ. ರಕ್ತದ ಬಿಳಿಕಣಗಳಲ್ಲಿ ಬಿ-ಕೋಶಗಳೆಂಬ ಒಂದು ಬಗೆಯಿದೆ. ವಿಷವನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳನ್ನು ತಯಾರಿಸುವುದು ಅವೇ. ಪ್ರತಿಕಾಯದ ಆಕಾರ ಹೇಗಿರಬೇಕೆಂಬ ಅಳತೆ ಕೋಶದ ಜೀನಿನಲ್ಲಿ, ಅಂದರೆ ವಂಶವಾಹಿಯಲ್ಲಿ ಇದೆ. ವಿಷ ಒಳಹೊಕ್ಕಾಗ, ಅದನ್ನು ಅಲ್ಪಸ್ವಲ್ಪವಾದರೂ ಹಿಡಿಯಬಲ್ಲ ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಬೆಳೆಯತೊಡಗುತ್ತವೆ. ಮಿಕ್ಕ ಜೀನುಗಳನ್ನೆಲ್ಲ ಅಚ್ಚುಕಟ್ಟಾಗಿ ನಕಲು ಮಾಡುವ ಈ ಕೋಶಗಳು, ಪ್ರತಿಕಾಯದ ಜೀನಿಗೆ ಬಂದ ಕೂಡಲೇ ತಪ್ಪಿನ ಮೇಲೆ ತಪ್ಪು ಮಾಡುತ್ತವೆ. ಅದೂ ಬೇರೆ ಕಡೆಗಿಂತ ಲಕ್ಷಾಂತರ ಪಟ್ಟು ಹೆಚ್ಚು. ಬಹುಪಾಲು ತಪ್ಪುಗಳಿಂದ ಹಿಡಿತ ಕೆಡುತ್ತದೆ, ಆ ಕೋಶಗಳು ಸಾಯುತ್ತವೆ. ಎಲ್ಲೋ ಒಂದು ತಪ್ಪಿನಿಂದ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಆ ಕೋಶ ಉಳಿದು ಮತ್ತೆ ಬೆಳೆಯುತ್ತದೆ, ಮತ್ತೆ ತಪ್ಪು ಮಾಡುತ್ತದೆ, ಮತ್ತೆ ಆಯ್ಕೆ ನಡೆಯುತ್ತದೆ. ವಾರಗಳು ಕಳೆದಂತೆ, ಸೂಜಿ ಮೇಲೆ ಸೂಜಿ ಬಿದ್ದಂತೆ, ವಿಷವನ್ನು ಬಿಡದೆ ಕಚ್ಚಿ ಹಿಡಿಯುವ ಪ್ರತಿಕಾಯ ಸಿದ್ಧವಾಗುತ್ತದೆ.

ಪಾಷಾ ಇದನ್ನು ತಮ್ಮದೇ ರೀತಿಯಲ್ಲಿ ಅರ್ಥಮಾಡಿಕೊಂಡಿದ್ದಾರೆ. "ನಮ್ಮಪ್ಪ ಲಾಳ ಬಡೀತಿದ್ರಲ್ಲ ಸಾರ್, ಹಂಗೇನೇ. ಬಡಿ, ಗೊರಸಿಗಿಟ್ಟು ನೋಡು, ಕೂರ್ಲಿಲ್ವಾ, ಎಸಿ. ಒಂದೇ ಏಟಿಗೆ ಕೂರೋ ಲಾಳ ಎಲ್ಲೈತೆ? ಒಂದೇ ವ್ಯತ್ಯಾಸ, ಅಪ್ಪ ಬೇಕಂತ ತಿದ್ತಿದ್ರು. ಇವಳ ರಕ್ತ ಕಣ್ಮುಚ್ಕೊಂಡು ತಪ್ಪು ಮಾಡ್ತಾ ಮಾಡ್ತಾನೇ ಸರಿಯಾಗ್ತದಂತೆ. ನಾವು ಒಂದ್ ತಪ್ಪು ಮಾಡಿದ್ರೆ ಬೈತಾರೆ, ಅವಳು ಸಾವ್ರ ತಪ್ಪು ಮಾಡಿ ಒಬ್ಬರ ಜೀವ ಉಳಿಸ್ತಾಳೆ!"

ಹೀಗೆ ನಗುವ ಮನುಷ್ಯನ ಎದೆಯಲ್ಲಿ ಒಂದು ಹಂಬಲ ವರ್ಷಗಳಿಂದ ಕೂತಿದೆ. ಮಗಳು ಅಸ್ಫಿಯಾ ತುಮಕೂರಿನ ಆಸ್ಪತ್ರೆಯೊಂದರಲ್ಲಿ ನರ್ಸು. ಹಾವು ಕಚ್ಚಿ ಬಂದವರಿಗೆ ಈ ಔಷಧದ ಬಾಟಲಿ ನೇತುಹಾಕುವವಳು ಎಷ್ಟೋ ಸಲ ಅವಳೇ. ಬದುಕಿದವರ ಸುದ್ದಿಯನ್ನು ಅಪ್ಪನಿಗೆ ತಂದು ಹೇಳುತ್ತಾಳೆ. ಗುಬ್ಬಿಯ ಒಬ್ಬ ಮೇಷ್ಟ್ರು, ದೇವರಾಯನದುರ್ಗಕ್ಕೆ ಬಂದಿದ್ದ ಒಂದು ಪುಟ್ಟ ಹುಡುಗಿ. ಹದಿನಾರು ಕುದುರೆಗಳ ರಕ್ತ ಕಲೆತು ಹೋಗುವುದರಿಂದ ಯಾವ ಬಾಟಲಿಯಲ್ಲಿ ಯಾರ ಪಾಲೆಷ್ಟು ಎಂದು ಹೇಳಲಾಗದು. "ಅವಳ್ದೂ ಒಂದ್ ಹನಿ ಇರ್ತದಲ್ಲ, ಅಷ್ಟೇ ಸಾಕು" ಎನ್ನುತ್ತಾರೆ ಪಾಷಾ. ಬದುಕಿದವರಲ್ಲಿ ಒಬ್ಬರಾದರೂ ಇಲ್ಲಿಗೆ ಬರಬೇಕು, ರೇಶ್ಮಾ ಅವರ ಕೈ ಮೂಸಬೇಕು, ಆ ಕೈಯಿಂದ ಒಂದು ಹಿಡಿ ಹುರುಳಿ ತಿನ್ನಬೇಕು. ಅವರು ಬಯಸುವುದು ಇಷ್ಟನ್ನೇ.

ಬರುತ್ತಾರೆಯೇ? ಬದುಕಿದವರು ಮನೆಗೆ ಹೋಗಿ ಮಾಡುವ ಮೊದಲ ಕೆಲಸ, ನಾಗರಕಲ್ಲಿಗೆ ಹಾಲೆರೆಯುವುದು. ಸರ್ಪದೋಷ ಕಳೆಯಿತು, ನಾಗಪ್ಪ ಕಾಪಾಡಿದ ಎಂದು ಅಡ್ಡಬೀಳುವುದು. ಅದನ್ನು ತಪ್ಪೆನ್ನಲು ಪಾಷಾಗೆ ಮನಸ್ಸಿಲ್ಲ. "ಅವರ ನಂಬ್ಕೆ ಅವರ್ಗೆ. ಎರೀಲಿ ಬುಡಿ. ಆದ್ರೂ ಸಾರ್, ಕಚ್ಚಿದ್ದಕ್ಕೆ ಹಾಲು, ಉಳಿಸಿದೋಳ್ಗೆ ಒಂದ್ ಹಿಡಿ ಹುರುಳೀನೂ ಇಲ್ವಾ?" ಎಂದು ಕೇಳುವಾಗ ದನಿ ಸಣ್ಣಗಾಗುತ್ತದೆ.

ಹೆಂಡತಿ ಸರ್ವರ್ ಬೇಗಂ ಬಿಡುತ್ತಾರೆಯೇ? "ಮಗಳ್ನ ನೋಡೋಕೆ ಬರೋ ಗಂಡಿನೋರ್ನೂ ಹಿಂಗೆ ಕಾಯ್ಲಿಲ್ಲ ಇವ್ರು. ಕುದ್ರೆಗೆ ನೆಂಟ್ರು ಬರ್ತಾರೆ ಅಂತ ಗೇಟ್ ನೋಡ್ಕೊಂಡ್ ನಿಂತವ್ರೆ" ಎಂದು ರೇಗಿಸುತ್ತಾರೆ.

ಈ ವರ್ಷ ಕಾಯುವುದಕ್ಕೆ ಅವಸರ ಸೇರಿಕೊಂಡಿದೆ. ರೇಶ್ಮಾಗೆ ವಯಸ್ಸಾಯಿತು. ವಿಷ ಕೊಟ್ಟರೂ ರಕ್ತದ ಹಿಡಿತ ಮೊದಲಿನ ಹಾಗೆ ಬಿಗಿಯಾಗುತ್ತಿಲ್ಲ, ಕತ್ತಿನ ನರವೂ ಗಟ್ಟಿಯಾಗಿದೆ. ಯುಗಾದಿ ಕಳೆದ ಮೇಲೆ ಅವಳನ್ನು ಬೇರೆ ರಾಜ್ಯದ ಹುಲ್ಲುಗಾವಲಿಗೆ ಕಳಿಸುತ್ತಾರೆ. "ಇನ್ನು ಅವಳಿಗೆ ಸೂಜಿ ಇಲ್ಲ, ಜ್ವರ ಇಲ್ಲ. ಹಾಯಾಗಿ ಮೇಯ್ಲಿ, ನಂಗೆ ಸಂತೋಷಾನೇ" ಎನ್ನುತ್ತಾರೆ. ಮುಖ ಮಾತ್ರ ಹಾಗೆ ಹೇಳುವುದಿಲ್ಲ.

ಕಾರ್ತಿಕದಲ್ಲಿ ಚೇಳೂರಿನ ಕರಿಬಸಮ್ಮನಿಗೆ ತೋಟದಲ್ಲಿ ತೆಂಗಿನ ಗರಿ ಎಳೆಯುವಾಗ ಮಂಡಲದ ಹಾವು ಕಾಲಿಗೆ ಕಚ್ಚಿತು. ಗುಬ್ಬಿಗೆ ಹೋಗಿ, ಅಲ್ಲಿಂದ ತುಮಕೂರಿಗೆ ಬರುವಷ್ಟರಲ್ಲಿ ಒಸಡಿನಿಂದ ರಕ್ತ ಇಳಿಯುತ್ತಿತ್ತು. ಬಾಟಲಿ ಮೇಲೆ ಬಾಟಲಿ ಹೋಯಿತು. ಎದ್ದು ಕೂತ ದಿನ ಅಸ್ಫಿಯಾ ಎಂದಿನಂತೆ ಕುದುರೆಯ ಕಥೆ ಹೇಳಿದಳು. ಲಿಂಗ ಕಟ್ಟಿದ, ಮೊಟ್ಟೆಯನ್ನೂ ಮುಟ್ಟದ ಹೆಂಗಸು ಹೌಹಾರಿದರು.

"ಶಿವಶಿವಾ! ಕುದ್ರೆ ರಕ್ತ ಹಾಕ್ಬುಟ್ರಾ ನಂಗೆ?"

"ರಕ್ತ ಅಲ್ಲ ಕಣಕ್ಕ, ಅದರ ತಿಳಿ. ಹಸು ಹಾಲು ಕುಡಿಯಲ್ವಾ ನೀವು? ಹಂಗೇ ಅನ್ಕೊಳ್ಳಿ."

ಕರಿಬಸಮ್ಮ ಗೋಡೆಯ ಕಡೆ ತಿರುಗಿ ಮಲಗಿದರಂತೆ. ಊರಿಗೆ ಹೋಗುವ ದಿನವೂ ಆ ಮಾತೆತ್ತಲಿಲ್ಲ. ಆದರೆ ಸಂಕ್ರಾಂತಿಯಾದ ಮೇಲೆ ಕಾಲು ತೋರಿಸಲು ಬಂದವರು ಅಸ್ಫಿಯಾಳನ್ನು ಹುಡುಕಿಕೊಂಡು ಬಂದು, ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿದ ಗಂಟೊಂದನ್ನು ಕೈಗಿಟ್ಟರು. "ನಮ್ಮ ಹೊಲದ್ದೇ ಹುರುಳಿ ಕಣವ್ವ. ಆ ತಾಯಿಗೆ ಕೊಡಕ್ಕೆ ಹೇಳು ನಿಮ್ಮಪ್ಪಂಗೆ. ನಾಗಪ್ಪಂಗೆ ಹಾಲೆರೆಯೋವಾಗೆಲ್ಲ ಅವಳೇ ನೆಪ್ಪಾಗ್ತಾಳೆ. ಕಾಲು ನೆಟ್ಟಗಾದ್ರೆ ನಾನೇ ಬತ್ತಿದ್ದೆ."

ಆ ಗಂಟು ಈಗ ರೇಶ್ಮಾಳ ಲಾಯದ ಗೂಟದಲ್ಲಿ ನೇತಾಡುತ್ತಿದೆ, ಬಿಚ್ಚಿಲ್ಲ. ತಿನ್ನಿಸಬಾರದೇ ಎಂದರೆ ಪಾಷಾ ತಲೆಯಾಡಿಸುತ್ತಾರೆ. "ನನ್ ಕೈಯಿಂದ ಕೊಟ್ರೆ ಅದು ನಾನ್ ಕೊಟ್ಟಂಗೆ ಸಾರ್. ದಿನಾ ಕೊಡ್ತೀನಲ್ಲ." ಚೇಳೂರಿನಿಂದ ಗುಬ್ಬಿ, ಗುಬ್ಬಿಯಿಂದ ತುಮಕೂರು, ಅಲ್ಲಿಂದ ಕುಣಿಗಲ್. ಊದಿದ ಕಾಲಿಗೆ ಅದು ದೂರವೇ. ಅದು ಅವರಿಗೂ ಗೊತ್ತು. ಆದರೂ ಬಸ್ಸು ನಿಂತ ಸದ್ದಾದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ, ಕಣ್ಣು ಗೇಟಿನ ಕಡೆ ಓಡುತ್ತದೆ. ಗೂಟದ ಗಂಟನ್ನು ರೇಶ್ಮಾ ಆಗಾಗ ಕತ್ತು ಚಾಚಿ ಮೂಸುತ್ತಾಳೆ.

ಬಿಸಿಲೇರಿದೆ. ಕ್ಯಾಮೆರಾ ತೆಗೆದ ಪೇಪರಿನವರನ್ನು ಪಾಷಾ ಕೈಯೆತ್ತಿ ತಡೆಯುತ್ತಾರೆ. ರೇಶ್ಮಾಳ ಹಣೆಯ ಕೂದಲನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಹಗ್ಗ ಹಿಡಿದುಕೊಂಡು ತಾವು ಬಾಗಿಲ ಹಿಂದಕ್ಕೆ ಸರಿದು ನಿಲ್ಲುತ್ತಾರೆ.

"ನನ್ ಫೋಟೊ ಯಾಕೆ ಸಾರ್? ಅವಳ್ದು ಹಾಕಿ, ಬೊಟ್ಟು ಕಾಣೋ ಹಂಗೆ. ಹಾವು ಕಚ್ಚಿ ಬದುಕಿರೋರು ಯಾರಾದ್ರೂ ಓದ್ತಾರೇನೋ. ಯುಗಾದಿವರ್ಗೂ ಇಲ್ಲೇ ಇರ್ತಾಳೆ ಅಂತ ಬರೀರಿ. ಏನೂ ತರೋದ್ ಬ್ಯಾಡ, ಹುರುಳಿ ಇಲ್ಲೇ ಐತೆ. ಬರಿಗೈಲಿ ಬಂದ್ರೂ ಸಾಕು."